ಔಷಧದ ಪುರಾವೆ ಹುಟ್ಟುವುದು ಒಂದು ಕೋಷ್ಟಕದಲ್ಲಿ. ಆ ಕೋಷ್ಟಕ ಎಲ್ಲರಿಗೂ ಕಾಣಬೇಕು

ಒಂದು ಸಂಶೋಧನಾ ಪ್ರಬಂಧದ ಫಲಿತಾಂಶದ ಕೋಷ್ಟಕದಲ್ಲಿ 8.0 ± 1.2 ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ರಕ್ತದೊತ್ತಡ ಇಳಿಸುವ ಒಂದು ಔಷಧದ ಪ್ರಯೋಗ ಅದು. 100 ಮಂದಿಗೆ ಔಷಧ ಕೊಟ್ಟಿದ್ದಾರೆ. ಇನ್ನು 100 ಮಂದಿಗೆ ಕೊಟ್ಟಿರುವುದು ಪ್ಲಸೀಬೊ, ಅಂದರೆ ನೋಡಲು ಔಷಧದಂತೆಯೇ ಇದ್ದು ಒಳಗೆ ಔಷಧವಿಲ್ಲದ ಗುಳಿಗೆ. ಔಷಧ ತೆಗೆದುಕೊಂಡವರ ರಕ್ತದೊತ್ತಡ ಸರಾಸರಿ 8.0 ಮಿಲಿಮೀಟರ್ ಇಳಿದಿದೆ, ಪ್ಲಸೀಬೊ ಗುಂಪಿನಲ್ಲಿ 5.0. ಎರಡರ ಪಕ್ಕದಲ್ಲೂ ± 1.2 ಇದೆ. ಈ ಉದಾಹರಣೆ ನಾನೇ ಕಟ್ಟಿದ್ದು. ಆದರೆ ಇಂಥ ಕೋಷ್ಟಕಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಆ 1.2 ಯಾವುದರ ಅಳತೆ ಎಂದು ಮಾತ್ರ ಕೋಷ್ಟಕದ ಕೆಳಗೆ ಹೇಳಿಲ್ಲ.

ಅದು ಎರಡರಲ್ಲಿ ಒಂದಾಗಿರಬಹುದು. ಸ್ಟ್ಯಾಂಡರ್ಡ್ ಡೀವಿಯೇಶನ್ ಆಗಿದ್ದರೆ, ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ಫಲಿತಾಂಶದಲ್ಲಿ ಎಷ್ಟು ಏರುಪೇರು ಇದೆ ಎಂಬುದನ್ನು ಅದು ಹೇಳುತ್ತದೆ. ಸ್ಟ್ಯಾಂಡರ್ಡ್ ಎರರ್ ಆಗಿದ್ದರೆ, ಇಡೀ ಗುಂಪಿನ ಸರಾಸರಿ ನಮಗೆ ಎಷ್ಟು ಖಚಿತವಾಗಿ ಗೊತ್ತು ಎಂಬುದನ್ನು ಹೇಳುತ್ತದೆ. ಮೊದಲನೆಯದನ್ನು ರೋಗಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಎರಡನೆಯದು ಬರುತ್ತದೆ. 100ರ ವರ್ಗಮೂಲ 10. ಹಾಗಾಗಿ 1.2 ಎಂಬುದು ಸ್ಟ್ಯಾಂಡರ್ಡ್ ಎರರ್ ಆಗಿದ್ದರೆ ನಿಜವಾದ ಡೀವಿಯೇಶನ್ 12.

ಹತ್ತು ಪಟ್ಟು ಅಂತರ. ಡೀವಿಯೇಶನ್ ಎಂದು ಓದಿದರೆ, ಎರಡು ಗುಂಪುಗಳ ನಡುವಿನ 3 ಮಿಲಿಮೀಟರ್ ವ್ಯತ್ಯಾಸ 2.7ಕ್ಕೂ 3.3ಕ್ಕೂ ನಡುವೆ ಎಲ್ಲೋ ಇದೆ ಎಂದು ಧೈರ್ಯವಾಗಿ ಹೇಳಬಹುದು. ಎರರ್ ಎಂದು ಓದಿದರೆ ಅದೇ ವ್ಯತ್ಯಾಸ ಸೊನ್ನೆಗಿಂತ ತುಸು ಕೆಳಗಿನಿಂದ ಹಿಡಿದು 6.3ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಔಷಧ ಏನೂ ಕೆಲಸ ಮಾಡದಿರುವ ಸಾಧ್ಯತೆಯೂ ಉಳಿಯುತ್ತದೆ. ಇಂಥ ಹತ್ತಾರು ಪ್ರಯೋಗಗಳನ್ನು ಕೂಡಿಸುವಾಗ, ಹೆಚ್ಚು ಖಚಿತವಾದ ಪ್ರಯೋಗಕ್ಕೆ ಹೆಚ್ಚು ತೂಕ ಕೊಡುವುದು ವಾಡಿಕೆ. ತಪ್ಪಾಗಿ ಓದಿದ ಈ ಒಂದು ಸಂಖ್ಯೆಗೆ ಸಿಗಬೇಕಾದ್ದಕ್ಕಿಂತ 100 ಪಟ್ಟು ಹೆಚ್ಚು ತೂಕ ಸಿಕ್ಕಿಬಿಡಬಹುದು. ಉಳಿದ ಪ್ರಯೋಗಗಳೆಲ್ಲ ಅದರ ನೆರಳಿನಲ್ಲಿ ಮರೆಯಾಗುತ್ತವೆ.

ಪಳಗಿದ ಕಣ್ಣಿಗೆ ಇಲ್ಲಿ ಅನುಮಾನ ಬರುತ್ತದೆ. ಡೀವಿಯೇಶನ್ 1.2 ಎಂದರೆ ಔಷಧ ನುಂಗಿದ ಹೆಚ್ಚುಕಡಿಮೆ ಎಲ್ಲರ ರಕ್ತದೊತ್ತಡವೂ 5.6ರಿಂದ 10.4 ಮಿಲಿಮೀಟರ್‌ನಷ್ಟೇ ಇಳಿಯಿತು ಎಂದಾಗುತ್ತದೆ. ಮನುಷ್ಯರ ಮೈ ಅಷ್ಟು ಶಿಸ್ತಿನಿಂದ ನಡೆದುಕೊಳ್ಳುವುದಿಲ್ಲ. ಒಬ್ಬರಿಗೆ 25 ಇಳಿಯುತ್ತದೆ, ಇನ್ನೊಬ್ಬರಿಗೆ ಏರಿಯೇ ಬಿಡುತ್ತದೆ. ಹಾಗಾಗಿ 1.2 ಬಹುಶಃ ಸ್ಟ್ಯಾಂಡರ್ಡ್ ಎರರ್. ಆದರೆ 'ಬಹುಶಃ' ಎಂಬ ಈ ನಿರ್ಧಾರವನ್ನು ಯಾರು ಮಾಡಿದರು, ಯಾವ ಆಧಾರದ ಮೇಲೆ ಮಾಡಿದರು, ಎಲ್ಲಿ ಬರೆದಿಟ್ಟರು? ಈ ಲೇಖನ ಇರುವುದು ಈ ಪ್ರಶ್ನೆಗಳ ಬಗ್ಗೆ.

ಗೆರೆಗಳೂ ವಜ್ರವೂ

ಒಂದು ಚಿಕಿತ್ಸೆ ಫಲಿಸುತ್ತದೆಯೇ ಎಂದು ಕೇಳಿದಾಗ ಒಂದೇ ಅಧ್ಯಯನವನ್ನು ನಂಬಿ ಉತ್ತರ ಕೊಡುವುದು ಅಪಾಯ. ಆ ಪ್ರಶ್ನೆಯ ಮೇಲೆ ನಡೆದ ಎಲ್ಲ ಅಧ್ಯಯನಗಳನ್ನೂ ಹುಡುಕಿ, ಮೊದಲೇ ಬರೆದಿಟ್ಟ ನಿಯಮಗಳ ಪ್ರಕಾರ ಆಯ್ದು, ಪ್ರತಿಯೊಂದರ ಗಟ್ಟಿತನ ಪರೀಕ್ಷಿಸಿ, ಒಟ್ಟು ಚಿತ್ರ ಕೊಡುವ ಕೆಲಸಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ ಎನ್ನುತ್ತಾರೆ. ಅಧ್ಯಯನಗಳ ಸಂಖ್ಯೆಗಳನ್ನು ಗಣಿತದ ಮೂಲಕ ಕೂಡಿಸಿದರೆ ಅದು ಮೆಟಾ ಅನಾಲಿಸಿಸ್. ಈ ಎರಡನೆಯ ಹೆಸರನ್ನು 1976ರಲ್ಲಿ ಬಳಕೆಗೆ ತಂದವರು ಜೀನ್ ಗ್ಲಾಸ್ ಎಂಬ ಸಂಖ್ಯಾಶಾಸ್ತ್ರಜ್ಞ.

ಇದರ ಅಗತ್ಯವನ್ನು ಗಟ್ಟಿ ದನಿಯಲ್ಲಿ ಹೇಳಿದವರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವೈದ್ಯ ಆರ್ಚಿ ಕಾಕ್ರೇನ್ ಮುಖ್ಯರು. ನಡೆದ ಪ್ರಯೋಗಗಳನ್ನೆಲ್ಲ ವಿಷಯವಾರು ಸಂಗ್ರಹಿಸಿ, ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಸ್ಥೆಯನ್ನೇ ವೈದ್ಯರು ಮಾಡಿಕೊಂಡಿಲ್ಲ ಎಂದು ಅವರು 1979ರಲ್ಲಿ ತಮ್ಮ ವೃತ್ತಿಯನ್ನೇ ತರಾಟೆಗೆ ತೆಗೆದುಕೊಂಡರು. ಅವರ ಹೆಸರಿನ ಸಂಸ್ಥೆ 1993ರಲ್ಲಿ ಹುಟ್ಟಿತು. ಆ ಸಂಸ್ಥೆಯ ಲಾಂಛನದಲ್ಲಿ ಏಳು ಅಡ್ಡಗೆರೆಗಳಿವೆ. ಅವು ಅಲಂಕಾರವಲ್ಲ. ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಅಗ್ಗದ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿತು ಜೀವ ಉಳಿಯುತ್ತದೆಯೇ ಎಂದು ನೋಡಿದ ಏಳು ಪ್ರಯೋಗಗಳು ಅವು. ಮೊದಲನೆಯ ಪ್ರಯೋಗವನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ 1972ರಲ್ಲಿ ಪ್ರಕಟಿಸಿದ್ದರು. ಹೆಚ್ಚಿನ ಗೆರೆಗಳು ಒಂಟಿಯಾಗಿ ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಎಲ್ಲವನ್ನೂ ಕೂಡಿಸಿದಾಗ ಕೆಳಗೆ ಮೂಡುವ ಪುಟ್ಟ ವಜ್ರದ ಆಕಾರ ಮಾತ್ರ, 'ವ್ಯತ್ಯಾಸವಿಲ್ಲ' ಎಂದು ಸೂಚಿಸುವ ನಡುವಿನ ಲಂಬಗೆರೆಯಿಂದ ಸ್ಪಷ್ಟವಾಗಿ ಒಂದು ಪಕ್ಕದಲ್ಲಿದೆ: ಚುಚ್ಚುಮದ್ದು ಮಕ್ಕಳನ್ನು ಉಳಿಸುತ್ತದೆ. ಹಾಗೆ ಕೂಡಿಸಿ ನೋಡಿದ ರಿವ್ಯೂ ಬಂದದ್ದು 1989ರಲ್ಲಿ. ನಡುವಿನ ವರ್ಷಗಳಲ್ಲಿ ಅನೇಕ ವೈದ್ಯರಿಗೆ ಈ ಚುಚ್ಚುಮದ್ದು ಇಷ್ಟು ಫಲಕಾರಿ ಎಂಬುದೇ ಅರಿವಿಗೆ ಬಂದಿರಲಿಲ್ಲ. ಎಷ್ಟೋ ಶಿಶುಗಳು ಸುಮ್ಮನೆ ತೀರಿಕೊಂಡವು.

ಆ ಚಿತ್ರ ನೋಡಿದಾಗಲೆಲ್ಲ ಎಲ್ಲರ ಕಣ್ಣೂ ವಜ್ರದ ಮೇಲೆ ಹೋಗುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಗೆರೆಗಳು. ಒಂದೊಂದು ಗೆರೆಯ ಹಿಂದೆ ನಾಲ್ಕೇ ನಾಲ್ಕು ಸಂಖ್ಯೆಗಳಿರುತ್ತವೆ: ಔಷಧ ಗುಂಪಿನಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಸಾವು; ಇನ್ನೊಂದು ಗುಂಪಿನಲ್ಲಿ ಎಷ್ಟು ಜನ, ಎಷ್ಟು ಸಾವು. ಈ ನಾಲ್ಕು ಸಂಖ್ಯೆಗಳನ್ನು ಯಾರೋ ಒಬ್ಬರು ಪ್ರಬಂಧವನ್ನು ಮುಂದಿಟ್ಟುಕೊಂಡು, ಗೆರೆ ಎಳೆದು ಓದಿ, ಹೆಕ್ಕಿ ಬರೆದಿರುತ್ತಾರೆ. ಗಣಿತ ಕಂಪ್ಯೂಟರಿನದು, ಅದು ಕ್ಷಣದ ಕೆಲಸ. ಹೆಕ್ಕುವುದು ಮನುಷ್ಯರದು, ಅದು ತಿಂಗಳುಗಳ ಕೆಲಸ. ಒಂದು ರಿವ್ಯೂ ನೋಂದಣಿಯಾಗಿ ಪ್ರಕಟವಾಗಲು ಸರಾಸರಿ 67 ವಾರ ಹಿಡಿಯುತ್ತದೆ ಎಂದು 2017ರ ಒಂದು ಲೆಕ್ಕಾಚಾರ ತೋರಿಸಿತು.

ಹೆಕ್ಕುವುದು ನಕಲು ಮಾಡುವುದಲ್ಲ

ದತ್ತಾಂಶ ಹೆಕ್ಕುವುದೆಂದರೆ ಪ್ರಬಂಧದಲ್ಲಿರುವುದನ್ನು ಸ್ಪ್ರೆಡ್‌ಶೀಟಿಗೆ ಇಳಿಸುವ ಗುಮಾಸ್ತಿಕೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಒಮ್ಮೆ ಕೂತು ಮಾಡಿದವರಿಗೆ ಆ ಭ್ರಮೆ ಉಳಿಯುವುದಿಲ್ಲ. ಕೋಷ್ಟಕದ ಪ್ರತಿ ಕೋಶವೂ, ಅಂದರೆ ಒಂದೊಂದು ಮನೆಯೂ, ಒಂದು ತೀರ್ಮಾನ.

ಒಂದು ಪ್ರಯೋಗಕ್ಕೆ 120 ಜನರನ್ನು ಔಷಧ ಗುಂಪಿಗೆ ಸೇರಿಸಿಕೊಂಡರು, ಕೊನೆಯವರೆಗೆ ಉಳಿದವರು 104, ಗುಣವಾದವರು 78 ಎಂದುಕೊಳ್ಳಿ. ಹೆಕ್ಕುವ ಒಬ್ಬರು 78/120 ಎಂದು ಬರೆಯುತ್ತಾರೆ, ಇನ್ನೊಬ್ಬರು 78/104. ಮೊದಲನೆಯದು 65 ಶೇಕಡಾ, ಎರಡನೆಯದು 75. ಇಬ್ಬರೂ ಪ್ರಬಂಧದಲ್ಲಿದ್ದ ಸಂಖ್ಯೆಗಳನ್ನೇ ಬರೆದಿದ್ದಾರೆ. ಆದರೆ ನಡುವೆ ಬಿಟ್ಟುಹೋದ 16 ಮಂದಿ ಯಾಕೆ ಹೋದರು? ಔಷಧದ ಅಡ್ಡಪರಿಣಾಮ ತಾಳಲಾರದೆ ಹೋಗಿದ್ದರೆ ಅವರನ್ನು ಲೆಕ್ಕದಿಂದ ತೆಗೆಯುವುದು ಔಷಧಕ್ಕೆ ಉಚಿತವಾಗಿ 10 ಅಂಕ ಕೊಟ್ಟಂತೆ. ಸೇರಿಸಿಕೊಂಡ ಎಲ್ಲರನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ನಿಯಮ ಹುಟ್ಟಿದ್ದು ಇದೇ ಕಾರಣಕ್ಕೆ.

ಇನ್ನೊಂದು. ಪ್ರಯೋಗದಲ್ಲಿ ಮೂರು ಗುಂಪುಗಳು: ಕಡಿಮೆ ಡೋಸ್, ಹೆಚ್ಚು ಡೋಸ್, 60 ಜನರ ಪ್ಲಸೀಬೊ. ಎರಡೂ ಡೋಸ್‌ಗಳನ್ನು ಪ್ಲಸೀಬೊದೊಂದಿಗೆ ಹೋಲಿಸಿ ಎರಡು ಸಾಲು ಬರೆದರೆ, ಪ್ಲಸೀಬೊ ಗುಂಪಿನವರು ಎರಡು ಸಲ ಎಣಿಕೆಯಾಗುತ್ತಾರೆ. ಪ್ರಯೋಗದಲ್ಲಿ ಇಲ್ಲವೇ ಇಲ್ಲದ 60 ಜನ ಕೋಷ್ಟಕದಲ್ಲಿ ಹುಟ್ಟಿಕೊಳ್ಳುತ್ತಾರೆ. ಖಿನ್ನತೆಯನ್ನು ಅಳೆಯುವ ಒಂದು ಮಾಪಕದಲ್ಲಿ ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. ಬದುಕಿನ ಗುಣಮಟ್ಟದ ಮಾಪಕದಲ್ಲಿ ಅಂಕ ಹೆಚ್ಚಿದಷ್ಟೂ ಒಳ್ಳೆಯದು. ಒಂದರ ಚಿಹ್ನೆ ತಿರುಗಿಸಲು ಮರೆತರೆ ಗುಣವಾದವರು ಕಾಯಿಲೆ ಹೆಚ್ಚಿದವರಂತೆ ಕಾಣುತ್ತಾರೆ. ರಕ್ತದ ಸಕ್ಕರೆಯನ್ನು ಕೆಲವು ದೇಶಗಳು ಡೆಸಿಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತವೆ, ಕೆಲವು ಲೀಟರಿಗೆ ಮಿಲಿಮೋಲ್ ಎಂದು. ನಡುವೆ 18 ಪಟ್ಟು ಅಂತರ. ಕೆಲವು ಪ್ರಬಂಧಗಳಲ್ಲಿ ಸಂಖ್ಯೆಯೇ ಇರುವುದಿಲ್ಲ, ಬರೀ ನಕ್ಷೆ ಇರುತ್ತದೆ. ಆಗ ಸಾಫ್ಟ್‌ವೇರಿನಲ್ಲಿ ನಕ್ಷೆಯ ಬಿಂದುಗಳ ಮೇಲೆ ಕ್ಲಿಕ್ ಮಾಡಿ ಸಂಖ್ಯೆ ಅಂದಾಜಿಸಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಖಾಲಿ ಕೋಶ. ಗಂಭೀರ ಅಡ್ಡಪರಿಣಾಮಗಳ ಕಾಲಮ್ಮಿನಲ್ಲಿ ಒಂದು ಪ್ರಬಂಧ 'ಯಾವುದೂ ಕಂಡುಬರಲಿಲ್ಲ' ಎನ್ನುತ್ತದೆ. ಅಲ್ಲಿ ಸೊನ್ನೆ ಬರೆಯಬಹುದು. ಇನ್ನೊಂದು ಪ್ರಬಂಧ ಆ ವಿಷಯವನ್ನೇ ಎತ್ತುವುದಿಲ್ಲ. ಅಲ್ಲಿ ಸೊನ್ನೆ ಬರೆದರೆ ಅದು ಸುಳ್ಳು. ಯಾರೂ ಕೇಳಲಿಲ್ಲ ಎಂಬುದೂ ಏನೂ ಆಗಲಿಲ್ಲ ಎಂಬುದೂ ಬೇರೆಬೇರೆ. 'ವರದಿಯಾಗಿಲ್ಲ' ಎಂದು ಸ್ಪಷ್ಟವಾಗಿ ಬರೆಯುವ ಅಭ್ಯಾಸವಿಲ್ಲದ ಕೋಷ್ಟಕದಲ್ಲಿ ಈ ಎರಡೂ ಬೆರೆತುಹೋಗುತ್ತವೆ, ಆಮೇಲೆ ಬೇರ್ಪಡಿಸುವುದಕ್ಕೆ ಬರುವುದಿಲ್ಲ. ಹಾನಿಯ ವಿಷಯದಲ್ಲಿ ವೈದ್ಯಲೋಕ ಎಷ್ಟೋ ಸಲ ತಡವಾಗಿ ಎಚ್ಚರಗೊಂಡಿದ್ದರೆ ಅದಕ್ಕೆ ಇಂಥ ಖಾಲಿ ಕೋಶಗಳೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಹೆಕ್ಕುವ ಕೆಲಸದ ಮೂಲ ನಿಯಮವೂ ಅದೇ. ಮೊದಲು ಫಾರಂ ಸಿದ್ಧಪಡಿಸಬೇಕು. ಯಾವ ಮಾಪಕ, ಎಷ್ಟನೇ ವಾರದ ಅಳತೆ, ಯಾವ ಛೇದ ಎಂಬುದನ್ನೆಲ್ಲ ಫಲಿತಾಂಶ ನೋಡುವ ಮುಂಚೆಯೇ ಬರೆದಿಡಬೇಕು. ಇಲ್ಲವಾದರೆ ಕಣ್ಣಿಗೆ ಹಿತವಾದ ಸಂಖ್ಯೆಯತ್ತಲೇ ಕೈ ಹೋಗುತ್ತದೆ. ಎರಡು ಮೂರು ಪ್ರಬಂಧಗಳ ಮೇಲೆ ಫಾರಂ ಪ್ರಯೋಗಿಸಿ ನೋಡಿ ತಿದ್ದಬೇಕು. ಆಮೇಲೆ ಇಬ್ಬರು, ಒಬ್ಬರದನ್ನು ಇನ್ನೊಬ್ಬರು ನೋಡದೆ, ಅದೇ ಪ್ರಬಂಧದಿಂದ ಹೆಕ್ಕಬೇಕು. ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟಾಗ ಹೊಂದದ ಕೋಶಗಳು ಎದ್ದು ಕಾಣುತ್ತವೆ. ಒಬ್ಬರು ಹೆಕ್ಕಿ ಇನ್ನೊಬ್ಬರು ಪರಿಶೀಲಿಸುವ ಸುಲಭದ ದಾರಿಗೆ ಹೋಲಿಸಿದರೆ ಇಬ್ಬರೂ ಸ್ವತಂತ್ರವಾಗಿ ಹೆಕ್ಕುವಾಗ ತಪ್ಪುಗಳು ಕಡಿಮೆ ಎಂದು 2006ರ ಒಂದು ಅಧ್ಯಯನ ತೋರಿಸಿದೆ, ಸಮಯ ಮಾತ್ರ ಹೆಚ್ಚು ಬೇಕು.

ತಪ್ಪುಗಳು ನಿಜವಾಗಿ ಎಷ್ಟಿವೆ ಎಂದು ಡೆನ್ಮಾರ್ಕಿನ ಪೀಟರ್ ಗೋಚ ಮತ್ತು ಸಂಗಡಿಗರು 2007ರಲ್ಲಿ ಪರೀಕ್ಷಿಸಿದರು. ಪ್ರಕಟವಾಗಿದ್ದ 27 ಮೆಟಾ ಅನಾಲಿಸಿಸ್‌ಗಳನ್ನು ತೆಗೆದುಕೊಂಡು, ಪ್ರತಿಯೊಂದರಿಂದ ಎರಡೆರಡು ಪ್ರಯೋಗ ಆರಿಸಿ, ಮೂಲ ಪ್ರಬಂಧಕ್ಕೆ ಹೋಗಿ ಮತ್ತೆ ಲೆಕ್ಕ ಹಾಕಿದರು. 10 ಮೆಟಾ ಅನಾಲಿಸಿಸ್‌ಗಳಲ್ಲಿ, ಎರಡರಲ್ಲಿ ಒಂದಾದರೂ ಪ್ರಯೋಗದ ಲೆಕ್ಕ ತಾಳೆಯಾಗಲಿಲ್ಲ. ಮೂರಕ್ಕೆ ಒಂದಕ್ಕಿಂತ ಹೆಚ್ಚು. ಇವು ವೈದ್ಯರು ಓದಿ ಚಿಕಿತ್ಸೆ ನಿರ್ಧರಿಸುವ ಬರಹಗಳು.

ಇನ್ನೊಂದು ಬಲೆ ಇದೆ: ಪ್ರಬಂಧವೇ ಬೇರೆ, ಪ್ರಯೋಗವೇ ಬೇರೆ. ಒಂದೇ ಪ್ರಯೋಗ ನಾಲ್ಕು ಪ್ರಬಂಧಗಳಾಗಿ, ಬೇರೆ ಬೇರೆ ಲೇಖಕರ ಹೆಸರಿನಲ್ಲಿ ಬರಬಹುದು. ಶಸ್ತ್ರಚಿಕಿತ್ಸೆಯ ನಂತರದ ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಔಷಧದ ಪ್ರಯೋಗಗಳನ್ನು 1997ರಲ್ಲಿ ಸೂಕ್ಷ್ಮವಾಗಿ ನೋಡಿದವರು, ರೋಗಿಗಳ ದತ್ತಾಂಶದಲ್ಲಿ 28 ಶೇಕಡಾ ಎರಡೆರಡು ಸಲ ಪ್ರಕಟವಾಗಿದೆ ಎಂದು ಕಂಡುಕೊಂಡರು. ಮರುಪ್ರಕಟಣೆ ಎಂಬ ಸುಳಿವೂ ಅಲ್ಲಿರಲಿಲ್ಲ. ಆ ನಕಲುಗಳನ್ನು ಹೊಸದೆಂದು ಎಣಿಸಿದರೆ ಔಷಧದ ಪ್ರಯೋಜನ 23 ಶೇಕಡಾದಷ್ಟು ಹಿಗ್ಗುತ್ತಿತ್ತು.

ಕಣ್ಣಿಗೆ ಬೀಳದ ಪುಟಗಳು

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೈಗೆ ಸಿಗುವುದು ಪ್ರಕಟವಾದದ್ದು ಮಾತ್ರ. ಪ್ರಕಟವಾಗದೆ ಉಳಿದದ್ದು ಎಷ್ಟು? ಎರಿಕ್ ಟರ್ನರ್ ಮತ್ತು ಸಂಗಡಿಗರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಕಡತಗಳಿಂದ ಖಿನ್ನತೆ ಔಷಧಗಳ 74 ಪ್ರಯೋಗಗಳನ್ನು ತೆಗೆದು, ಪತ್ರಿಕೆಗಳಲ್ಲಿ ಬಂದದ್ದರೊಂದಿಗೆ ಹೋಲಿಸಿ 2008ರಲ್ಲಿ ಪ್ರಕಟಿಸಿದರು. ಪತ್ರಿಕೆಗಳನ್ನಷ್ಟೇ ಓದಿದವರಿಗೆ 94 ಶೇಕಡಾ ಪ್ರಯೋಗಗಳು ಗೆದ್ದಂತೆ ಕಾಣುತ್ತಿತ್ತು. ನಿಯಂತ್ರಣ ಸಂಸ್ಥೆಯ ಲೆಕ್ಕದಲ್ಲಿ ಗೆದ್ದವು 51 ಶೇಕಡಾ. ಉಳಿದವು ಒಂದೋ ಕಪಾಟಿನಲ್ಲೇ ಉಳಿದವು, ಇಲ್ಲವೇ ಗೆದ್ದಂತೆ ಕಾಣುವ ಹಾಗೆ ಬರೆಸಿಕೊಂಡು ಹೊರಬಂದವು.

ಟ್ಯಾಮಿಫ್ಲೂ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಫ್ಲೂ ಜ್ವರದ ಈ ಮಾತ್ರೆಯನ್ನು ಸರಕಾರಗಳು ಸಾಂಕ್ರಾಮಿಕದ ಭಯಕ್ಕೆ ರಾಶಿ ರಾಶಿ ಕೊಂಡು ಗೋದಾಮಿನಲ್ಲಿ ಇಟ್ಟವು. ನ್ಯುಮೋನಿಯಾದಂಥ ತೊಡಕುಗಳನ್ನು ಅದು ತಪ್ಪಿಸುತ್ತದೆ ಎಂಬ ನಂಬಿಕೆಗೆ ಕಾಕ್ರೇನ್ ಸಂಸ್ಥೆಯ ರಿವ್ಯೂ ಕೂಡ ಒಂದು ಆಧಾರವಾಗಿತ್ತು. 2009ರಲ್ಲಿ ಜಪಾನಿನ ಮಕ್ಕಳ ವೈದ್ಯ ಕೇಜಿ ಹಯಾಶಿ ಆ ರಿವ್ಯೂ ಬರೆದವರಿಗೆ ಒಂದು ಟಿಪ್ಪಣಿ ಕಳಿಸಿದರು. ತೊಡಕುಗಳ ಕುರಿತ ನಿಮ್ಮ ತೀರ್ಮಾನ 2003ರ ಒಂದೇ ಪ್ರಬಂಧದ ಮೇಲೆ ನಿಂತಿದೆ. ಆ ಪ್ರಬಂಧ ತಯಾರಕ ಕಂಪನಿಯ 10 ಪ್ರಯೋಗಗಳನ್ನು ಕೂಡಿಸಿದೆ. ಅವುಗಳಲ್ಲಿ ಪ್ರಕಟವಾದವು ಎರಡೇ. ಉಳಿದ ಎಂಟನ್ನು ನೀವು ನೋಡಿದ್ದೀರಾ? ಇದಿಷ್ಟು ಅವರ ಪ್ರಶ್ನೆಯ ತಿರುಳು.

ನೋಡಿರಲಿಲ್ಲ. ರಿವ್ಯೂ ಬರೆದ ಟಾಮ್ ಜೆಫರ್ಸನ್ ಮತ್ತು ಸಂಗಡಿಗರು ಆ ಪ್ರಶ್ನೆಯನ್ನು ತಳ್ಳಿಹಾಕದೆ ಮೂಲ ಪ್ರಬಂಧದ ಲೇಖಕರನ್ನು ಕೇಳಿದರು, ಅವರು ಕಂಪನಿಯತ್ತ ಕೈ ತೋರಿಸಿದರು. ಔಷಧದ ತಯಾರಕ ರೋಶ್ ಕಂಪನಿ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಿತು. ಸಹಿ ಹಾಕಿದರೆ ಕಂಡದ್ದನ್ನು ಬಹಿರಂಗವಾಗಿ ಹೇಳುವಂತಿಲ್ಲ. ಅವರು ಒಪ್ಪಲಿಲ್ಲ, ಅದೇ ವರ್ಷ ಡಿಸೆಂಬರಿನಲ್ಲಿ, ಪರಿಶೀಲಿಸಲಾಗದ ದತ್ತಾಂಶವನ್ನು ಬಿಟ್ಟು ರಿವ್ಯೂವನ್ನು ಮತ್ತೆ ಬರೆದರು. ಬ್ರಿಟಿಷ್ ಮೆಡಿಕಲ್ ಜರ್ನಲ್ ಬೆನ್ನಿಗೆ ನಿಂತು ಪತ್ರಗಳನ್ನೆಲ್ಲ ಬಹಿರಂಗಪಡಿಸಿತು. 2013ರಲ್ಲಿ, ನಾಲ್ಕು ವರ್ಷಗಳ ಹಗ್ಗಜಗ್ಗಾಟದ ನಂತರ, ಪ್ರಯೋಗಗಳ ಪೂರ್ಣ ವರದಿಗಳು ಕೈಸೇರಿದವು. ಹತ್ತು ಪುಟವೂ ಇಲ್ಲದ ಪತ್ರಿಕಾ ಪ್ರಬಂಧಕ್ಕೂ ಸಾವಿರಾರು ಪುಟಗಳಿಗೆ ಹಬ್ಬಬಲ್ಲ ಕ್ಲಿನಿಕಲ್ ಸ್ಟಡಿ ರಿಪೋರ್ಟಿಗೂ ಅಜಗಜಾಂತರ. ಯಾವ ರೋಗಿಗೆ ಯಾವ ದಿನ ಏನಾಯಿತು, 'ನ್ಯುಮೋನಿಯಾ' ಎಂಬುದನ್ನು ಎಕ್ಸ್‌ರೇ ನೋಡಿ ಹೇಳಿದರೋ ರೋಗಿ ಹೇಳಿದ್ದನ್ನೇ ಬರೆದುಕೊಂಡರೋ ಎಂಬುದೆಲ್ಲ ಅಲ್ಲಿರುತ್ತದೆ. 2014ರ ಏಪ್ರಿಲಿನಲ್ಲಿ ಬಂದ ಹೊಸ ರಿವ್ಯೂ ಪ್ರಕಾರ ವಯಸ್ಕರಲ್ಲಿ ರೋಗಲಕ್ಷಣಗಳು ತಗ್ಗಲು ಬೇಕಾದ ಸಮಯ 7 ದಿನದಿಂದ 6.3 ದಿನಕ್ಕೆ ಇಳಿಯುತ್ತದೆ, ಅಂದರೆ ಸುಮಾರು 17 ಗಂಟೆ. ಆಸ್ಪತ್ರೆ ಸೇರುವವರ ಸಂಖ್ಯೆ ಕಡಿಮೆಯಾಗುತ್ತದೆ ಎನ್ನಲು ನಂಬುವಂಥ ಪುರಾವೆ ಸಿಗಲಿಲ್ಲ. ವಾಕರಿಕೆ, ವಾಂತಿ ಹೆಚ್ಚುತ್ತವೆ ಎನ್ನಲು ಸಿಕ್ಕಿತು.

ವಾದ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೇರೊಂದು ತಂಡ ರೋಗಿವಾರು ದತ್ತಾಂಶ ಕೂಡಿಸಿ, ತೊಡಕುಗಳ ವಿಷಯದಲ್ಲಿ ಔಷಧದ ಪರವಾಗಿ ತೀರ್ಮಾನ ಕೊಟ್ಟಿತು. ಇದರಿಂದ ನನಗೆ ಬೇಸರವಿಲ್ಲ. ಈಗ ಜಗಳ ಇರುವುದು 'ನ್ಯುಮೋನಿಯಾ' ಎಂದು ಯಾವುದನ್ನು ಕರೆಯಬೇಕು, ಫ್ಲೂ ಖಚಿತವಾದವರನ್ನಷ್ಟೇ ಎಣಿಸಬೇಕೋ ಎಲ್ಲರನ್ನೂ ಎಣಿಸಬೇಕೋ ಎಂಬ ಪ್ರಶ್ನೆಗಳ ಮೇಲೆ. 2009ಕ್ಕೆ ಮೊದಲು ಇಂಥ ಜಗಳಕ್ಕೆ ಅವಕಾಶವೇ ಇರಲಿಲ್ಲ, ಏಕೆಂದರೆ ಹೊರಗಿನವರ ಕೈಯಲ್ಲಿ ಪುಟಗಳೇ ಇರಲಿಲ್ಲ.

ಸರಾಸರಿಯ ಹಿಂದಿನ ಮನುಷ್ಯರು

ಕೋವಿಡ್ ಕಾಲದಲ್ಲಿ ಐವರ್ಮೆಕ್ಟಿನ್ ಎಂಬ ಔಷಧ ಸಾವು ತಡೆಯುತ್ತದೆ ಎಂದು ಕೆಲವು ಮೆಟಾ ಅನಾಲಿಸಿಸ್‌ಗಳು ಹೇಳಿದವು. ಅವುಗಳ ಮೇಲೆ ದೊಡ್ಡ ಪ್ರಭಾವ ಬೀರಿದ್ದು ಈಜಿಪ್ಟಿನ ಒಂದು ಪ್ರಯೋಗ, 2020ರ ನವೆಂಬರಿನಲ್ಲಿ ಪ್ರಿಪ್ರಿಂಟ್ ಆಗಿ, ಅಂದರೆ ತಜ್ಞರ ಪರಿಶೀಲನೆಗೆ ಮುಂಚೆಯೇ, ಬಂದದ್ದು. ರಿವ್ಯೂ ಬರೆದವರು ಅದರ ಸಾರಾಂಶದ ಸಂಖ್ಯೆಗಳನ್ನು ನಿಯಮಬದ್ಧವಾಗಿಯೇ ಹೆಕ್ಕಿದ್ದರು. ಲಂಡನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಮಾತ್ರ ಸಾರಾಂಶಕ್ಕೆ ತೃಪ್ತನಾಗದೆ ರೋಗಿವಾರು ಫೈಲನ್ನೇ ತೆರೆದು ನೋಡಿದ. ಒಂದೇ ರೋಗಿಯ ವಿವರ ಮತ್ತೊಬ್ಬರ ಹೆಸರಿನಲ್ಲಿ ಮರುಕಳಿಸಿದಂಥ ಹತ್ತಾರು ಸಾಲುಗಳು ಅಲ್ಲಿದ್ದವು. ಪ್ರಯೋಗ ಆರಂಭವಾಗುವ ಮೊದಲೇ ತೀರಿಕೊಂಡವರೂ ಇದ್ದರು. 2021ರ ಜುಲೈನಲ್ಲಿ ಪ್ರಿಪ್ರಿಂಟ್ ಹಿಂತೆಗೆಯಲಾಯಿತು. ಅದನ್ನು ಕೈಬಿಟ್ಟು ಲೆಕ್ಕ ಹಾಕಿದಾಗ ಸಾವು ತಡೆಯುವ ಪ್ರಯೋಜನ ಕುಸಿಯಿತು. ಸಾರಾಂಶದ ಸಂಖ್ಯೆಗಳನ್ನಷ್ಟೇ ನಂಬುವ ಮೆಟಾ ಅನಾಲಿಸಿಸ್ ತಳದಿಂದಲೇ ಭದ್ರವಲ್ಲ, ರೋಗಿವಾರು ದತ್ತಾಂಶ ಕೇಳಲೇಬೇಕು ಎಂದು ಆ ವಿದ್ಯಾರ್ಥಿ ಮತ್ತು ಸಂಗಡಿಗರು ನೇಚರ್ ಮೆಡಿಸಿನ್‌ನಲ್ಲಿ ಬರೆದರು.

ಈ ಬೇಡಿಕೆ ಹೊಸದಲ್ಲ. 1980ರ ದಶಕದ ಮಧ್ಯದಿಂದಲೇ ಸ್ತನ ಕ್ಯಾನ್ಸರಿನ ಪ್ರಯೋಗ ನಡೆಸುವವರು ಆಕ್ಸ್‌ಫರ್ಡಿನ ಒಂದು ಕೇಂದ್ರಕ್ಕೆ ತಮ್ಮ ತಮ್ಮ ರೋಗಿಗಳ ಒಂದೊಂದು ಸಾಲನ್ನೂ, ಹೆಸರು ತೆಗೆದು, ಕಳಿಸುತ್ತ ಬಂದಿದ್ದಾರೆ. 1998ರ ವೇಳೆಗೆ ಟ್ಯಾಮಾಕ್ಸಿಫೆನ್ ಎಂಬ ಔಷಧದ ಕುರಿತು 55 ಪ್ರಯೋಗಗಳ ಸುಮಾರು 37,000 ಮಹಿಳೆಯರ ದತ್ತಾಂಶ ಒಂದೆಡೆ ಇತ್ತು. ಗೆಡ್ಡೆಯಲ್ಲಿ ಈಸ್ಟ್ರೊಜೆನ್ ರಿಸೆಪ್ಟರ್ (ಈಸ್ಟ್ರೊಜೆನ್ ಹಾರ್ಮೋನು ಅಂಟಿಕೊಳ್ಳುವ ಪ್ರೋಟೀನು) ಇದ್ದವರಿಗೆ ಐದು ವರ್ಷದ ಚಿಕಿತ್ಸೆಯಿಂದ ಕಾಯಿಲೆ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅದು ಇಲ್ಲದವರಿಗೆ ಪ್ರಯೋಜನ ತೀರ ಕಡಿಮೆ ಎಂಬುದು ಇಂಥ ದತ್ತಾಂಶದಿಂದ ಗಟ್ಟಿಯಾಯಿತು. ಪ್ರಕಟಿತ ಸರಾಸರಿಗಳನ್ನು ಎಷ್ಟು ಕೂಡಿಸಿದರೂ ಇದು ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ. ಸರಾಸರಿಯಲ್ಲಿ ಇಬ್ಬರೂ ಬೆರೆತಿರುತ್ತಾರೆ.

ಯಾರದನ್ನು, ಯಾರೊಂದಿಗೆ ಹಂಚಬೇಕು

ಇಲ್ಲಿ ಎರಡು ಬೇರೆ ಬೇರೆ ಹಂಚಿಕೆಗಳಿವೆ. ಚರ್ಚೆಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ಪ್ರಯೋಗದ ರೋಗಿವಾರು ದತ್ತಾಂಶ. ಇದರಲ್ಲಿ ನಿಜವಾದ ತೊಡಕು ಇದೆ. ಹೆಸರು ತೆಗೆದರೂ, ಅಪರೂಪದ ಕಾಯಿಲೆ, ವಯಸ್ಸು, ಊರು, ದಾಖಲಾದ ದಿನಾಂಕ ಇವಿಷ್ಟನ್ನು ಜೋಡಿಸಿದರೆ ವ್ಯಕ್ತಿ ಯಾರೆಂದು ಗೊತ್ತಾಗಬಹುದು. ಆದ್ದರಿಂದ ಯೇಲ್ ವಿಶ್ವವಿದ್ಯಾಲಯದ ಯೋಡಾ ಯೋಜನೆ, 2018ರಲ್ಲಿ ಆರಂಭವಾದ ವಿವ್ಲಿ ಮುಂತಾದ ದತ್ತಾಂಶ ಹಂಚುವ ವೇದಿಕೆಗಳು ಬಾಗಿಲು ತೆರೆದರೂ ಕಾವಲು ಇಡುತ್ತವೆ: ಯಾವ ಪ್ರಶ್ನೆಗೆ ಬೇಕು ಎಂದು ಬರೆದು ಕೇಳಬೇಕು, ಒಪ್ಪಿಗೆ ಸಿಗಬೇಕು, ಒಪ್ಪಂದಕ್ಕೆ ಸಹಿ ಹಾಕಿ ಬಳಸಬೇಕು. ಪ್ರಯೋಗಕ್ಕೆ ಮೈಯೊಡ್ಡಿದವರ ಖಾಸಗಿತನ ಕಾಯಬೇಕು. ಅವರು ಕೊಟ್ಟದ್ದು ವ್ಯರ್ಥವಾಗದಂತೆಯೂ ನೋಡಿಕೊಳ್ಳಬೇಕು.

ಬರಿಯ ಮಾತಿನ ಭರವಸೆ ಮಾತ್ರ ಸಾಲದು. 'ಕೇಳಿದರೆ ದತ್ತಾಂಶ ಕೊಡುತ್ತೇವೆ' ಎಂದು ಪ್ರಬಂಧದ ಕೊನೆಯಲ್ಲಿ ಬರೆದಿದ್ದ 1792 ಪ್ರಬಂಧಗಳ ಲೇಖಕರಿಗೆ ಕ್ರೊಯೇಷಿಯಾದ ಸಂಶೋಧಕರು ಪತ್ರ ಬರೆದು ನಿಜವಾಗಿಯೇ ಕೇಳಿದರು. 93 ಶೇಕಡಾ ಲೇಖಕರು ಉತ್ತರಿಸಲಿಲ್ಲ ಅಥವಾ ಕೊಡಲು ಒಪ್ಪಲಿಲ್ಲ. 2022ರಲ್ಲಿ ಪ್ರಕಟವಾದ ಲೆಕ್ಕ ಇದು. ದತ್ತಾಂಶ ಹಂಚಿಕೆ ಕಡ್ಡಾಯ ಮಾಡಿದ ಎರಡು ದೊಡ್ಡ ಪತ್ರಿಕೆಗಳಲ್ಲಿ ಸ್ಥಿತಿ ಉತ್ತಮ, ಆದರೂ 37 ಪ್ರಯೋಗಗಳಲ್ಲಿ 17ರ ದತ್ತಾಂಶ ಸಿಕ್ಕಿತು ಎಂದು 2018ರ ಇನ್ನೊಂದು ಅಧ್ಯಯನ ಹೇಳಿತು. ಸಿಕ್ಕ 17ರಲ್ಲಿ 14ರ ಮುಖ್ಯ ಫಲಿತಾಂಶ ಮರುಲೆಕ್ಕದಲ್ಲಿ ಪೂರ್ತಿ ಹೊಂದಿಕೊಂಡಿತು ಎಂಬುದನ್ನೂ ಸೇರಿಸಬೇಕು. ಬಾಗಿಲು ತೆರೆದರೆ ಮಾನ ಹೋಗುತ್ತದೆ ಎಂಬ ಅಂಜಿಕೆಗೆ ಹೆಚ್ಚಿನವರಿಗೆ ಕಾರಣವಿಲ್ಲ.

ಎರಡನೆಯದು ರಿವ್ಯೂ ಮಾಡಿದವರ ಸ್ವಂತ ಕೋಷ್ಟಕ, ಅಂದರೆ ಪ್ರಕಟಿತ ಪ್ರಬಂಧಗಳಿಂದ ಅವರು ಹೆಕ್ಕಿದ ಸಂಖ್ಯೆಗಳು. ಇಲ್ಲಿ ರೋಗಿಯ ಗುಟ್ಟು ಏನೂ ಇಲ್ಲ. ಎಲ್ಲವೂ ಆಗಲೇ ಅಚ್ಚಾಗಿರುವಂಥದ್ದು. ಆದರೂ ಎಷ್ಟೋ ರಿವ್ಯೂಗಳು ಅಂತಿಮ ನಕ್ಷೆಯನ್ನಷ್ಟೇ ಕೊಟ್ಟು ಕೋಷ್ಟಕವನ್ನು ಲೇಖಕರ ಕಂಪ್ಯೂಟರಿನಲ್ಲೇ ಉಳಿಸುತ್ತವೆ. ಇದಕ್ಕೆ ಒಪ್ಪುವಂಥ ಕಾರಣ ನನಗೆ ಒಂದೂ ಹೊಳೆಯುವುದಿಲ್ಲ. ಕಷ್ಟಪಟ್ಟು ಹೆಕ್ಕಿದ್ದನ್ನು ಬೇರೆಯವರು ಸುಲಭವಾಗಿ ಬಳಸಿ ಹೆಸರು ಮಾಡುತ್ತಾರೆ ಎಂಬ ಸಂಕಟ ಅರ್ಥವಾಗುತ್ತದೆ. ಅದಕ್ಕೆ ಪರಿಹಾರ ಆ ಕೋಷ್ಟಕಕ್ಕೇ ಒಂದು ಡಿಒಐ, ಅಂದರೆ ಪ್ರಬಂಧಗಳಿಗೆ ಕೊಡುವಂಥ ಶಾಶ್ವತ ಗುರುತಿನ ಸಂಖ್ಯೆ, ಕೊಟ್ಟು, ಬಳಸಿದವರು ಅದನ್ನು ಉಲ್ಲೇಖಿಸುವಂತೆ ಮಾಡುವುದು. ಬಚ್ಚಿಟ್ಟರೆ ಆಗುವುದೇನು? ಎರಡು ವರ್ಷಕ್ಕೆ ಹೊಸ ಪ್ರಯೋಗಗಳು ಬರುತ್ತವೆ, ಇನ್ನೊಂದು ತಂಡ ರಿವ್ಯೂ ಪರಿಷ್ಕರಿಸಲು ಹೊರಡುತ್ತದೆ, ಅದೇ 40 ಪ್ರಬಂಧಗಳನ್ನು ಮತ್ತೆ ಮೊದಲಿನಿಂದ ಓದುತ್ತದೆ, ಅದೇ ± ಚಿಹ್ನೆಯ ಮುಂದೆ ಮತ್ತೆ ತಲೆ ಕೆರೆದುಕೊಳ್ಳುತ್ತದೆ. ಈ ಸಲ ಬೇರೆ ನಿರ್ಧಾರ ಮಾಡಬಹುದು. ಎರಡು ರಿವ್ಯೂಗಳು ಎರಡು ಉತ್ತರ ಕೊಟ್ಟಾಗ, ವ್ಯತ್ಯಾಸ ಯಾವ ಕೋಶದಿಂದ ಬಂತು ಎಂದು ಯಾರಿಗೂ ತಿಳಿಯುವುದಿಲ್ಲ.

ನಿಯಮಗಳು ನಿಧಾನವಾಗಿ ಈ ದಿಕ್ಕಿಗೆ ತಿರುಗುತ್ತಿವೆ. ರಿವ್ಯೂ ಹೇಗೆ ವರದಿ ಮಾಡಬೇಕು ಎಂದು ಹೇಳುವ ಪ್ರಿಸ್ಮಾ 2020 ಮಾರ್ಗಸೂಚಿಯ 27ನೇ, ಅಂದರೆ ಕಡೆಯ ಅಂಶ ಇದೇ: ದತ್ತಾಂಶ ಹೆಕ್ಕಲು ಬಳಸಿದ ಫಾರಂ, ಹೆಕ್ಕಿದ ದತ್ತಾಂಶ, ವಿಶ್ಲೇಷಣೆಯ ಕೋಡ್ ಎಲ್ಲಿ ಸಿಗುತ್ತದೆ ಎಂದು ತಿಳಿಸಿ. ಅಮೆರಿಕದಲ್ಲಿ 2012ರಲ್ಲಿ ಇದಕ್ಕೆಂದೇ ಸಿಸ್ಟಮ್ಯಾಟಿಕ್ ರಿವ್ಯೂ ಡೇಟಾ ರೆಪಾಸಿಟರಿ ಎಂಬ ಮುಕ್ತ ಭಂಡಾರ ಆರಂಭವಾಯಿತು. ಅಲ್ಲಿ ಹೆಕ್ಕುವ ಕೆಲಸವನ್ನೂ ಮಾಡಬಹುದು, ಮುಗಿದ ಮೇಲೆ ಎಲ್ಲರಿಗೂ ತೆರೆದಿಡಲೂಬಹುದು. ಪ್ರಬಂಧಗಳಿಂದ ಸಂಖ್ಯೆ ಹೆಕ್ಕಲು ಈಗ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಂದಿವೆ. ಅವು ವೇಗ ತರುತ್ತವೆ, ಆದರೆ 1.2 ಎಂಬುದು ಎರರೋ ಡೀವಿಯೇಶನ್ನೋ ಎಂದು ಅವುಗಳೂ ಊಹಿಸಲೇಬೇಕು. ಆ ಊಹೆ ಸರಿಯೇ ಎಂದು ಪರೀಕ್ಷಿಸಲು ಮನುಷ್ಯರು ಹೆಕ್ಕಿ ತೆರೆದಿಟ್ಟ ಕೋಷ್ಟಕಗಳೇ ಬೇಕು.

ಹಂಚಿದ ಕೋಷ್ಟಕ ಹೇಗಿರಬೇಕು ಎಂದರೆ ಪಿಡಿಎಫ್‌ನಲ್ಲಿ ಚಿತ್ರವಾಗಿ ಅಂಟಿಸಿದ್ದು ಸಾಲದು. ಅದರಿಂದ ಮತ್ತೆ ಒಂದೊಂದೇ ಸಂಖ್ಯೆ ಟೈಪ್ ಮಾಡಬೇಕಾಗುತ್ತದೆ, ಮತ್ತೆ ತಪ್ಪುಗಳಾಗುತ್ತವೆ. ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸಿಎಸ್‌ವಿಯಂಥ ಸರಳ ಫೈಲ್ ಸಾಕು. ಪ್ರತಿ ಕಾಲಮ್ಮಿನ ಅರ್ಥ, ಏಕಮಾನ, ಮಾಪಕದ ದಿಕ್ಕು ಬರೆದ ಒಂದು ಪುಟದ ವಿವರಣೆ ಜೊತೆಗಿರಬೇಕು. ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಸಂಖ್ಯೆಯ ಪಕ್ಕದಲ್ಲಿ ಇನ್ನೆರಡು ಕಾಲಮ್ಮುಗಳು. ಒಂದರಲ್ಲಿ ಅದು ಪ್ರಬಂಧದ ಯಾವ ಪುಟದ ಯಾವ ಕೋಷ್ಟಕದಿಂದ ಬಂತು ಎಂಬುದು. ಇನ್ನೊಂದರಲ್ಲಿ ಹೆಕ್ಕಿದವರ ಟಿಪ್ಪಣಿ: 'ಪ್ರಬಂಧ ಸ್ಪಷ್ಟಪಡಿಸಿಲ್ಲ. 1.2 ಡೀವಿಯೇಶನ್ ಆಗಿರಲು ತೀರ ಚಿಕ್ಕದು. ಲೇಖಕರಿಗೆ ಎರಡು ಸಲ ಪತ್ರ ಬರೆದೆವು, ಉತ್ತರ ಬರಲಿಲ್ಲ. ಸ್ಟ್ಯಾಂಡರ್ಡ್ ಎರರ್ ಎಂದು ಭಾವಿಸಿ 12 ಎಂದು ಲೆಕ್ಕ ಹಾಕಿದ್ದೇವೆ. ಈ ಪ್ರಯೋಗ ಬಿಟ್ಟು ಮಾಡಿದ ವಿಶ್ಲೇಷಣೆ ಎರಡನೇ ಹಾಳೆಯಲ್ಲಿದೆ.'